ಡಾಕ್ಟರಮ್ಮ ಅಂದ ನಾಲ್ಕು ಅಕ್ಷರ

ಸುವರ್ಣಮ್ಮನಿಗೆ ಮೂರನೆಯದು ನಿಂತು ನಾಲ್ಕು ತಿಂಗಳಾಗಿತ್ತು. ಮೊದಲ ಎರಡೂ ಏಳು ತುಂಬುವ ಹೊತ್ತಿಗೆ ಹೊಟ್ಟೆಯಲ್ಲೇ ಸತ್ತು ಹುಟ್ಟಿದ್ದವು. ಅದಕ್ಕೇ ಈ ಸಲ ಅತ್ತೆ ವೀರಭದ್ರಮ್ಮ ಸಿರುಗುಪ್ಪದ ಸೂಲಗಿತ್ತಿಯನ್ನು ನಂಬದೆ, ಸೊಸೆಯನ್ನು ತಾನೇ ಬಸ್ಸು ಹತ್ತಿಸಿಕೊಂಡು ಬಳ್ಳಾರಿಗೆ ಹೋಗಿ ಕಂಟೋನ್ಮೆಂಟಿನ ಹೆಂಗಸರ ಡಾಕ್ಟರಿಗೆ ತೋರಿಸಿದಳು. ಡಾಕ್ಟರಮ್ಮ ಆದವಾನಿ ಕಡೆಯವರು, ಕನ್ನಡದ ನಡುವೆ ತೆಲುಗು ಬೆರೆಸಿ ಮಾತಾಡುತ್ತಿದ್ದರು. ಮೊದಲ ದಿನ ರಕ್ತ ತೆಗೆಸಿ, ಮುಂದಿನ ವಾರ ಬರಲು ಹೇಳಿ ಕಳಿಸಿದರು.

ಮುಂದಿನ ವಾರ ಹೋದಾಗ ಡಾಕ್ಟರಮ್ಮ ಕೈಯಲ್ಲಿದ್ದ ಕಾಗದ ನೋಡಿದರು. ಸುವರ್ಣಮ್ಮನ ಮುಖ ನೋಡಿದರು. ಆಮೇಲೆ ನರ್ಸ್ ಕಡೆ ತಿರುಗಿ, "ವಿ.ಡಿ.ಆರ್.ಎಲ್. ಪಾಸಿಟಿವ್. ಇನ್ನೊಂದ್ಸಲ ರಕ್ತ ತಗೋ," ಎಂದರು.

"ಏನಾತ್ರಿ ಡಾಕ್ಟರಮ್ಮ?" ವೀರಭದ್ರಮ್ಮ ಕೇಳಿದಳು.

"ಏಂ ಲೇದಮ್ಮಾ, ಏನಿಲ್ಲ. ನಿನ್ನ ಮಗ ಎಲ್ಲಿ?"

"ಲಾರಿ ಮ್ಯಾಲ ಬೊಂಬಾಯಿಗೆ ಹೋಗ್ಯಾನ್ರಿ. ಅಕ್ಕಿ ಲೋಡ್."

"ಬಂದ ಕೂಡ್ಲೇ ಕರ್ಕೊಂಡು ಬರ್ಬೇಕು. ಗಂಡ ಹೆಂಡ್ತಿ ಇಬ್ರಿಗೂ ಕೂಡಿಸಿ ಹೇಳ್ತೀನಿ. ತಡ ಮಾಡಬಾರ್ದು."

ಅಷ್ಟು ಹೇಳಿ ಅವರು ಮುಂದಿನವಳನ್ನು ಕರೆದರು. ವೀರಭದ್ರಮ್ಮನಿಗೆ ಓದು ಬರಹ ಬಾರದು, ಕಿವಿ ಮಾತ್ರ ಚುರುಕು. ಬಸ್ಸಿನಲ್ಲಿ ಕೂತು, ಮರೆತುಹೋದೀತೆಂದು, "ವೀ ಡೀ ಆರೆಲ್ಲು, ವೀ ಡೀ ಆರೆಲ್ಲು" ಎಂದು ಬಾಯೊಳಗೇ ಅನ್ನುತ್ತ ಬಂದಳು. ಪಕ್ಕದಲ್ಲಿ ಸುವರ್ಣಮ್ಮ ಕಿಟಕಿಯ ಸರಳು ಹಿಡಿದು ಕೂತಿದ್ದಳು.

ಮನೆಯಲ್ಲಿ ಮಗಳು ಹೊನ್ನೂರಮ್ಮ ರೊಟ್ಟಿ ಬಡಿಯುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸಾಗಿ, ಗಂಡು ಗೊತ್ತಾಗುವವರೆಗೆ ಮನೆಯಲ್ಲಿದ್ದ ಹುಡುಗಿ. ತಾಯಿ ಚಪ್ಪಲಿ ಬಿಡುತ್ತಲೇ ಕೇಳಿದಳು.

"ಏ ಹೊನ್ನೂರಿ, ವೀಡೀಆರೆಲ್ಲು ಅಂದ್ರ ಏನಲೇ?"

"ಯಾವ ಭಾಷಿದವ್ವಾ ಅದು?"

"ಇಂಗ್ಲಿಷ್. ನಿನ್ನ ಅತ್ತಿಗಿ ರಕ್ತದಾಗ ಐತಂತ."

ಹೊನ್ನೂರಮ್ಮ ಕೈ ತೊಳೆದು ಬಂದು, ಸಾಲೆಯಲ್ಲಿ ಬಹುಮಾನ ಬಂದಿದ್ದ ಇಂಗ್ಲಿಷ್-ಕನ್ನಡ ನಿಘಂಟು ತೆಗೆದಳು. ವಿ ಅಕ್ಷರದ ಹಾಳೆಗಳನ್ನೆಲ್ಲ ತಿರುವಿದಳು. ಒಲೆಯ ಮೇಲಿನ ರೊಟ್ಟಿ ಸೀದು ವಾಸನೆ ಬಂತು.

"ಇದರಾಗ ಮಾತು ಅದಾವವ್ವಾ. ಬರೀ ಅಕ್ಷರ ಇಲ್ಲ. ಒಂದೊಂದು ಅಕ್ಷರ ಒಂದೊಂದು ಮಾತಿಗೆ ನಿಂತಿರ್ತೈತಿ. ಯಾವ ಮಾತಿಗೆ ಅಂತ ಗೊತ್ತಾಗ್ಬೇಕಲ್ಲ?"

"ಇಷ್ಟು ವರ್ಷ ಸಾಲಿಗೆ ಹೋಗಿ ನಾಕಕ್ಷರ ಓದಾಕ ಬರಲಿಲ್ಲಂದ್ರ ಯಾತಕ ಬಂತು ನಿನ್ನ ಸಾಲಿ!"

ಸಂಜೆ ಮನೆಯ ಹಿರಿಯ ವಿರೂಪಾಕ್ಷಪ್ಪ ಅಕ್ಕಿ ಗಿರಣಿಯ ಕಡೆಯಿಂದ ಬಂದ. ಅವನ ಹೆಸರಿನಲ್ಲೊಂದು ಲಾರಿ ಇತ್ತು, ಗಿರಣಿಗಳ ಅಕ್ಕಿ ಸಾಗಿಸುವುದು ಕಸುಬು. ಲಾರಿ ಓಡಿಸುವವನು ಮಗ ಗವಿಸಿದ್ದಪ್ಪ. ಹೆಂಡತಿ ಹೇಳಿದ್ದನ್ನು ಕೇಳಿ, ಮರುದಿನ ಗಿರಣಿಯ ಗುಮಾಸ್ತ ವೆಂಕಣ್ಣನನ್ನು ವಿಚಾರಿಸಿಕೊಂಡು ಬಂದ.

"ವಿ.ಡಿ. ಅಂದ್ರ ವಿಲೇಜ್ ಡೆವಲಪ್ಮೆಂಟ್ ಇರ್ಬೇಕಂತ. ಆರ್.ಎಲ್. ಅಂದ್ರ ರೈಲ್ವೆ ಏನೋ ಅಂದ."

"ಹೊಟ್ಟಿಯಾಗಿನ ಕೂಸಿಗೂ ರೈಲಿಗೂ ಏನ್ರೀ ಸಂಬಂಧ? ಅವನ ತಲಿ!" ಎಂದು ವೀರಭದ್ರಮ್ಮ ಗಂಡನ ತಟ್ಟೆಗೆ ಪುಂಡಿಪಲ್ಯವನ್ನು ಬಡಿದಳು.

ಸುವರ್ಣಮ್ಮ ಅಡಿಗೆಮನೆಯ ಮೂಲೆಯಲ್ಲಿ ಅಕ್ಕಿ ಆರಿಸುತ್ತ ಎಲ್ಲ ಕೇಳಿಸಿಕೊಂಡಳು. ತನ್ನ ರಕ್ತದ ಬಗ್ಗೆ ಊರವರನ್ನೆಲ್ಲ ಕೇಳುತ್ತಿದ್ದರು. ತನ್ನನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ಮೂರನೆಯ ದಿನ ವೀರಭದ್ರಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿಯವನನ್ನು ಕೇಳಲು ತಾನೇ ಹೋದಳು. ಅಂಗಡಿಯವನು ಮೊದಲು ನಕ್ಕ. ಆಮೇಲೆ ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ ದನಿ ಇಳಿಸಿದ.

"ಯಾರಿಗಮ್ಮ ಇದು?"

"ಸೊಸಿಗೆ."

"ಹೆಣ್ಮಕ್ಕಳ ಮುಂದ ಆಡೋ ಮಾತಲ್ಲ. ಕೆಟ್ಟ ಬ್ಯಾನಿ. ನಡತಿ ಕೆಟ್ಟೋರಿಗೆ ಬರೋದು. ಇದರ ಮ್ಯಾಲ ನನ್ನ ಕೇಳಬ್ಯಾಡ್ರಿ."

ಅರ್ಥ ಅರ್ಧ ಸಿಕ್ಕಿತ್ತು. ಆ ಅರ್ಧವನ್ನೇ ಹೊತ್ತುಕೊಂಡು ಬಿಸಿಲಿನಲ್ಲಿ ಬಿರಬಿರನೆ ಮನೆಗೆ ಬಂದವಳು, ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಸೊಸೆಯ ಮುಂದೆ ನಿಂತಳು.

"ಯಾವನಾತ?"

ಸುವರ್ಣಮ್ಮನಿಗೆ ತಿಳಿಯಲಿಲ್ಲ. "ಯಾರ್ರಿ ಅತ್ತಿ?"

"ನನ್ನ ಕೇಳ್ತಿಯೇನು? ನನ್ನ ಮಗ ಬೊಂಬಾಯಿ, ಪೂನಾ ಅಂತ ನಿದ್ದಿಗೆಟ್ಟು ದುಡೀತಾನ. ನೀನು ಇಲ್ಲಿ ಕೆಟ್ಟ ಬ್ಯಾನಿ ತಗಲಿಸ್ಕೊಂಡು ಕುಂತಿ! ನನ್ನ ಎರಡು ಮೊಮ್ಮಕ್ಕಳನ್ನ ನೀನೇ ನುಂಗಿದಿ!"

ಸುವರ್ಣಮ್ಮನ ಕೈಯಲ್ಲಿದ್ದ ತಂಬಿಗೆ ಬೂದಿಯಲ್ಲಿ ಉರುಳಿತು. "ಈ ಹೊಸ್ತಿಲು ದಾಟಿ ನಾನು ಎಲ್ಲಿಗೆ ಹೋಗೀನ್ರಿ? ನೀರಿಗೂ ನಿಮ್ಮ ಜೊತಿಗೇ ಬರ್ತೀನಿ."

"ಡಾಕ್ಟರಮ್ಮ ಸುಳ್ಳು ಹೇಳ್ತಾಳೇನು?"

"ಡಾಕ್ಟರಮ್ಮ ಏನೂ ಹೇಳಿಲ್ಲವ್ವಾ," ಹೊನ್ನೂರಮ್ಮ ಒಳಗಿನಿಂದ ಓಡಿಬಂದಳು. "ನಾಕ್ ಅಕ್ಷರ ಅಂದಾರ, ಅಷ್ಟ. ಉಳಿದದ್ದೆಲ್ಲ ಅಂಗಡಿಯಾತ ಹೇಳಿದ್ದು."

"ನೀ ಬಾಯ್ಮುಚ್ಚು. ಮದಿವಿಯಾಗೋ ಹುಡುಗಿ."

ಆ ದಿನದಿಂದ ಸುವರ್ಣಮ್ಮನ ತಟ್ಟೆ, ಲೋಟ ಬೇರೆಯಾದವು. ಒಲೆ ಮುಟ್ಟುವಂತಿಲ್ಲ, ನೀರಿನ ಕೊಡ ಮುಟ್ಟುವಂತಿಲ್ಲ. ಹೊನ್ನೂರಮ್ಮ ರೊಟ್ಟಿ ತಂದು ಅವಳ ಮುಂದಿಟ್ಟು, ತಾಯಿ ಕಾಣದ ಹೊತ್ತು ನೋಡಿ ಪಕ್ಕದಲ್ಲಿ ಕೂತು ತಾನೂ ಅದೇ ತಟ್ಟೆಯಲ್ಲಿ ತಿನ್ನುತ್ತಿದ್ದಳು.

ವಾರ ಕಳೆದ ಮೇಲೆ ಗವಿಸಿದ್ದಪ್ಪ ಬಂದ. ಸ್ನಾನ ಮಾಡಿ, ಹಣೆಗೆ ಈಬತ್ತಿ ಹಚ್ಚಿಕೊಂಡು ಊಟಕ್ಕೆ ಕೂತ. ತಾಯಿ ಬಿಸಿ ಅನ್ನದ ಮೇಲೆ ತುಪ್ಪ ಬಿಟ್ಟು, ತಡೆಯಲಾರದೆ ಅಂದೇಬಿಟ್ಟಳು.

"ನಿನ್ನ ಹೆಂಡ್ತಿ ರಕ್ತದಾಗ ವೀಡೀಆರೆಲ್ಲು ಅಂತ ಬಂದೈತಿ."

ತುತ್ತು ಹಿಡಿದ ಅವನ ಕೈ ಅಲ್ಲೇ ನಿಂತಿತು. ಕಂಬದ ಮರೆಯಲ್ಲಿದ್ದ ಸುವರ್ಣಮ್ಮ ಅದನ್ನು ನೋಡಿದಳು. ಆ ನಾಲ್ಕು ಅಕ್ಷರ ಕೇಳಿ 'ಹಾಗಂದ್ರೇನು' ಎಂದು ಕೇಳದವನು ಇಡೀ ಮನೆಯಲ್ಲಿ ಅವನೊಬ್ಬನೇ.

"ಡಾಕ್ಟರಮ್ಮ ನಿನ್ನ ಕರ್ಕೊಂಡು ಬಾ ಅಂದಾಳ," ತಾಯಿ ಅಂದಳು.

"ನಾನ್ಯಾಕ? ನನಗೇನಾಗೈತಿ?" ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟ. "ಇಂಗ್ಲಿಷ್ ಡಾಕ್ಟರ್‌ಗಳು ಹಂಗ. ಒಂದಕ್ಕ ನಾಕು ಹೇಳ್ತಾರ. ಇನ್ನ ಆಕಿ ಹತ್ರ ಹೋಗಾದು ಬ್ಯಾಡ."

"ಹಂಗಾರ ಏನ್ ಮಾಡಾದು ಈಕಿನ್ನ?"

ಅವನು ತಲೆ ಎತ್ತಲಿಲ್ಲ. "ಕುರುಗೋಡಿಗೆ ಕಳಿಸ್ರಿ. ಸ್ವಲ್ಪ ದಿನ ಅವರವ್ವನ ಮನಿಯಾಗ ಇರ್ಲಿ."

"ನೀವಾದ್ರೂ ಒಂದು ಮಾತು ಹೇಳ್ರಿ," ಸುವರ್ಣಮ್ಮ ಕಂಬದ ಮರೆಯಿಂದ ಈಚೆ ಬಂದಳು. "ನಾನು ಎಂಥಾಕಿ ಅಂತ ನಿಮಗ ಗೊತ್ತಿಲ್ಲೇನು?"

ಗವಿಸಿದ್ದಪ್ಪ ಕೈ ತೊಳೆದು ಎದ್ದುಹೋದ.

ಮರುದಿನ ವಿರೂಪಾಕ್ಷಪ್ಪನೇ ಸೊಸೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೊರಟ. ತೆಕ್ಕಲಕೋಟೆ ದಾಟುವಾಗ ಮಂಡಕ್ಕಿ ಕೊಡಿಸಿದ. ಕುರುಗೋಡಿನಲ್ಲಿ ಬೀಗಿತಿಯ ಮನೆಯ ಕಟ್ಟೆಯ ಮೇಲೆ ಗಂಟನ್ನಿಟ್ಟು, ನೀರು ಕುಡಿದು, "ದಣಿದಾಳ, ನೋಡ್ಕೋರಿ" ಎಂದಷ್ಟೇ ಹೇಳಿ ಅದೇ ಬಸ್ಸಿಗೆ ಮರಳಿದ.

ತಾಯಿ ಮೂಕಮ್ಮನಿಗೆ ಸುವರ್ಣಮ್ಮ ಎಲ್ಲವನ್ನೂ ಹೇಳಿದಳು. ಹೊಲದಿಂದ ಬಂದ ಅಣ್ಣ ಮರಿಬಸಪ್ಪ ಅರ್ಧ ಕೇಳುವಷ್ಟರಲ್ಲೇ ಎದ್ದು ನಿಂತ.

"ನನ್ನ ತಂಗಿಗೆ ಹಾದರದ ಮಾತಾ? ನಾಕು ಮಂದಿ ಹಿರೇರನ್ನ ಕಟ್ಕೊಂಡು ನಾಳೀನೇ ಸಿರುಗುಪ್ಪಕ್ಕ ಹೋಗ್ತೀನಿ. ಆ ಮುದುಕಿ ನಾಲಿಗಿ…"

"ಕುಂದ್ರಪ್ಪ," ಮೂಕಮ್ಮ ಅಂದಳು.

"ಹೋಗಿ ಏನಂತಿ?" ಸುವರ್ಣಮ್ಮ ಕೇಳಿದಳು. "ಅವರು ವೀಡೀಆರೆಲ್ಲು ಅಂತಾರ. ಅಲ್ಲ ಅಂತಿಯೇನು? ಏನಂತ ಗೊತ್ತಿದ್ರ ತಾನೆ ಅಲ್ಲ ಅನ್ನೋದು? ಮೊದಲು ಅದೇನಂತ ನಾನು ತಿಳ್ಕೊಂಡು ಬರ್ತೀನಿ. ಆಮ್ಯಾಲ ಜಗಳ."

"ಯಾರನ್ನ ಕೇಳ್ತಿ?"

"ಅಂದಾಕಿನ್ನೇ ಕೇಳ್ತೀನಿ."

ಮೂಕಮ್ಮ ಕಟ್ಟಿದ ಬುತ್ತಿಯೊಂದಿಗೆ ತಾಯಿ ಮಗಳಿಬ್ಬರೂ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೋದರು. ಕಂಟೋನ್ಮೆಂಟಿನ ಆ ಹಳೆಯ ಬಂಗಲೆಯ ಜಗಲಿಯಲ್ಲಿ ಬಸುರಿಯರ ಸಾಲು ದೊಡ್ಡದಿತ್ತು. ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಡಾಕ್ಟರಮ್ಮ ಗುರುತು ಹಿಡಿದರು.

"ಗಂಡ ಎಲ್ಲಮ್ಮಾ?"

"ಬರಲಿಲ್ರಿ. ನಾನೇ ಬಂದೀನಿ. ಆ ದಿನ ನೀವು ನರ್ಸಮ್ಮಗ ಅಂದ್ರಲ್ಲ, ವಿ.ಡಿ.ಆರ್.ಎಲ್. ಅಂತ. ಅದರ ಅರ್ಥ ಹೇಳ್ರಿ. ಹೇಳೋತನಕ ಏಳಂಗಿಲ್ಲ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂಕಮ್ಮನ ಕಡೆ ನೋಡಿದರು.

"ನಮ್ಮವ್ವ. ಇರ್ಲಿ ಬಿಡ್ರಿ," ಸುವರ್ಣಮ್ಮ ಅಂದಳು.

"ಅದು ಒಂದು ರಕ್ತಪರೀಕ್ಷೆಯ ಹೆಸರಮ್ಮಾ. ಗುಪ್ತರೋಗ ಅಂತಾರಲ್ಲ, ಅವುಗಳ ಮೇಲೆ ಶೋಧನೆ ಮಾಡೋ ಒಂದು ಲ್ಯಾಬೊರೇಟರಿ ಹೆಸರನ್ನೇ ಅದಕ್ಕಿಟ್ಟಾರ. ಎರಡನೇ ಸಲ, ಇನ್ನೊಂದು ಕಡೆನೂ ನೋಡಿಸಿದೆ. ರೋಗ ಇರೋದು ಖರೆ. ಹಳಬರು ಪರಂಗಿ ಬ್ಯಾನಿ ಅಂತಿದ್ರು."

ಮೂಕಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಳು. ಆ ಹೆಸರು ಅವಳಿಗೆ ಗೊತ್ತಿತ್ತು.

"ನಾನು ಯಾರ ಹತ್ರನೂ ಹೋಗಿಲ್ರಿ," ಸುವರ್ಣಮ್ಮ ಅಂದಳು.

"ನಾನು ಕೇಳಿದ್ನೇನಮ್ಮಾ?" ಡಾಕ್ಟರಮ್ಮನ ದನಿ ಮೆತ್ತಗಾಯಿತು. "ಮನೆ ಬಿಟ್ಟು ಹೋಗದ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗಂಡನಿಂದ ಬಂದದ್ದು ನೋಡೀನಿ. ಹುಣ್ಣು ಮಾಯ್ತೈತಿ, ರೋಗ ರಕ್ತದಾಗ ಉಳೀತೈತಿ. ಹೊಟ್ಟೆಯಾಗಿನ ಕೂಸನ್ನ ಕೊಲ್ತೈತಿ. ನಿನ್ನ ಮೊದಲಿನ ಎರಡೂ ಇದರಿಂದಲೇ ಹೋಗಿರಬೇಕು."

"ಇದು?" ಎಂದು ಸುವರ್ಣಮ್ಮ ಹೊಟ್ಟೆಯ ಮೇಲೆ ಕೈ ಇಟ್ಟಳು.

"ಇದಕ್ಕ ಇನ್ನೂ ಹೊತ್ತೈತಿ. ವಾರಕ್ಕೊಂದು ಸೂಜಿ, ಮೂರು ವಾರ. ಇವತ್ತೇ ಶುರು ಮಾಡ್ತೀನಿ. ಆದ್ರ ಗಂಡನೂ ಹಾಕಿಸ್ಕೋಬೇಕು. ಇಲ್ಲಂದ್ರ ಮತ್ತ ನಿನಗ ಅಂಟ್ತೈತಿ."

"ಆ ದಿನಾನೇ ಯಾಕ ಹೇಳಲಿಲ್ರಿ?"

"ನಿನ್ನ ಅತ್ತೆ ಎದುರಿಗಿದ್ಲಲ್ಲಮ್ಮಾ. ನಿನ್ನ ಮಾನ ಉಳೀಲಿ ಅಂತ…"

"ನೀವು ಹೇಳಲಿಲ್ಲ ಅಂತ ಊರಾಗಿನೋರೆಲ್ಲ ಒಂದೊಂದು ಅರ್ಥ ಹೇಳಿದ್ರು. ನನ್ನ ತಟ್ಟಿ ಬ್ಯಾರೆ ಮಾಡಿದ್ರು."

ಡಾಕ್ಟರಮ್ಮ ತಾವೇ ಎದ್ದು ಸೂಜಿ ಸಿದ್ಧಮಾಡಿದರು.

ಸೂಜಿ ಚುಚ್ಚಿದ ಕಡೆ ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತಿತ್ತು. ಕುಂಟುತ್ತಲೇ ಬಸ್‌ಸ್ಟ್ಯಾಂಡಿಗೆ ಬಂದ ಸುವರ್ಣಮ್ಮ ಕುರುಗೋಡಿನ ಬಸ್ಸಿನ ಮುಂದೆ ನಿಲ್ಲದೆ ಸಿರುಗುಪ್ಪದ ಬಸ್ಸಿನ ಕಡೆ ನಡೆದಳು.

"ಬ್ಯಾಡವ್ವಾ, ಮರಿಬಸಪ್ಪನ್ನ ಕರ್ಕೊಂಡು ಹೋಗಾಣ," ಮೂಕಮ್ಮ ಅಂದಳು.

"ಅಣ್ಣ ಬಂದ್ರ ಬಡಿದಾಟ ಆಗ್ತೈತಿ. ನನಗ ಬಡಿದಾಟ ಬ್ಯಾಡ, ಆತಗ ಸೂಜಿ ಬೇಕು."

ಮನೆ ಮುಟ್ಟಿದಾಗ ಹೊತ್ತು ಇಳಿಯುವ ಮುಂಚೆಯೇ ಊಟಕ್ಕೆ ಕೂತಿದ್ದರು, ರಾತ್ರಿ ಲೋಡ್ ಹೊರಡುವುದಿತ್ತು. ತಂದೆ ಮಗನ ಮುಂದೆ ತಟ್ಟೆ. ವೀರಭದ್ರಮ್ಮ ಬಡಿಸುತ್ತಿದ್ದಳು. ಲಾರಿಯ ಕೀಲಿ ಗವಿಸಿದ್ದಪ್ಪನ ತೊಡೆಯ ಪಕ್ಕದಲ್ಲಿತ್ತು.

"ಯಾಕ ಬಂದಿ? ಯಾರು ಕರೆದ್ರು?" ವೀರಭದ್ರಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ನೀವು ಕೇಳಿದ್ದಕ್ಕ ಉತ್ತರ ತಂದೀನ್ರಿ ಅತ್ತಿ." ಸುವರ್ಣಮ್ಮ ಹೊಸ್ತಿಲ ಒಳಗೆ ಬಂದು ನಿಂತಳು. ಸೆರಗು ತಲೆಯ ಮೇಲಿತ್ತು. "ಮಾವ ಅದಾರ. ಅವರ ಮುಂದ ನಾನು ಇಂಥಾ ಮಾತು ಆಡಬಾರ್ದು. ಆದ್ರ ನನಗ ಅಂದ ಮಾತು ಎಲ್ಲಾರ ಮುಂದನೇ ಅಂದ್ರಿ. ಅದು ಪರಂಗಿ ಬ್ಯಾನಿ. ನನ್ನ ರಕ್ತದಾಗ ಐತಿ. ನನಗ ಕೊಟ್ಟಾತ ನಿಮ್ಮ ಮಗ."

"ಏನಂದಿ!" ವೀರಭದ್ರಮ್ಮನ ಸೌಟು ಮೇಲೆದ್ದಿತು. ಮೂಕಮ್ಮ ಅಡ್ಡ ಬಂದಳು.

"ಬಡೀರಿ ಬೀಗಿತಿ, ನನಗ ಬಡೀರಿ. ಆಕಿ ಬಸರಿ ಅದಾಳ."

"ಸುಳ್ಳು!" ಗವಿಸಿದ್ದಪ್ಪ ಕೂತಲ್ಲಿಂದಲೇ ಕೂಗಿದ. "ಆ ಡಾಕ್ಟರ್ ಹೇಳಿದ್ದು ಸುಳ್ಳು. ಇವರು ತಾಯಿ ಮಗಳು ಕೂಡಿ ಕಟ್ಟಿಕೊಂಡು ಬಂದಾರ."

"ಹಂಗಾರ ನೀನೂ ರಕ್ತ ಕೊಡಣ್ಣಾ," ಹೊನ್ನೂರಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಂದಳು. "ಇಲ್ಲಂದ್ರ ಇಲ್ಲಂತ ಬರ್ತೈತಿ. ಅದಕ್ಯಾಕ ಕೂಗ್ಯಾಡ್ತಿ?"

"ಲೇ, ನಿನಗ ಬಾಯಿ ಬಂತೇನಲೇ?"

"ಅವ್ವ ಆ ಅಕ್ಷರ ಅಂದ ದಿನ ನೀನು ಏನದು ಅಂತ ಕೇಳಲೇ ಇಲ್ಲ. ನಾನು ಡಿಕ್ಷನರಿ ತಿರುವಿದೆ, ಅಪ್ಪ ಗಿರಣಿಯಾಗ ಕೇಳಿದ, ಅವ್ವ ಅಂಗಡಿಗೆ ಹೋದ್ಲು. ನೀನೊಬ್ಬಾತ ಕೇಳಲಿಲ್ಲ."

ಗವಿಸಿದ್ದಪ್ಪ ತಟ್ಟೆಯನ್ನು ತಳ್ಳಿ ಎದ್ದ. ಸಾರು ನೆಲದ ಮೇಲೆಲ್ಲ ಹರಿಯಿತು. ಕೀಲಿ ಎತ್ತಿಕೊಂಡು ಬಾಗಿಲ ಕಡೆ ನಡೆದ. ಅಷ್ಟರಲ್ಲಿ ವಿರೂಪಾಕ್ಷಪ್ಪ ಎಂಜಲು ಕೈಯಲ್ಲೇ ಎದ್ದು ಬಾಗಿಲಿಗೆ ಅಡ್ಡ ನಿಂತಿದ್ದ. ಮನೆಯಲ್ಲಿ ಯಾವತ್ತೂ ದನಿ ಏರಿಸದ ಮನುಷ್ಯ.

"ಕೀಲಿ ಇಡು."

"ಅಪ್ಪಾ, ಲೋಡ್ ಐತಿ."

"ಲಾರಿ ನನ್ನದು. ಕೀಲಿ ಇಡು. ರಕ್ತ ಕೊಟ್ಟು ಬಾ, ಆಮ್ಯಾಲ ಮುಟ್ಟು."

ತಂದೆ ಮಗ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಗವಿಸಿದ್ದಪ್ಪ ಗೋಡೆಗೆ ಒರಗಿ, ನೆಲ ನೋಡುತ್ತ ಅಂದ.

"ಮದಿವಿಗೆ ಮುಂಚೆ ಆಗಿತ್ತು. ಲಾರಿ ಲೈನಿನ್ಯಾಗ ಜೊತಿಗೆ ಇದ್ದೋರು ಬೊಂಬಾಯಿಯಾಗ ಅಂಥ ಹೆಂಗಸರ ಮನಿಗೆ ಕರ್ಕೊಂಡು ಹೋಗಿದ್ರು. ಹುಣ್ಣಾತು. ಅಲ್ಲೇ ಒಬ್ಬ ಡಾಕ್ಟರ್‌ಗೆ ತೋರಿಸಿದೆ, ಆತನ ಬೋರ್ಡಿನ ಮ್ಯಾಲೂ ಅದೇ ಅಕ್ಷರ ಇದ್ವು. ಪೂರ್ತಿ ಔಷಧ ಮಾಡಿಸಲಿಲ್ಲ. ಹುಣ್ಣು ಮಾಯ್ತು. ಹೋತು ಅಂದ್ಕೊಂಡೆ."

ವೀರಭದ್ರಮ್ಮ ಚೆಲ್ಲಿದ ಸಾರಿನ ಪಕ್ಕದಲ್ಲೇ ಕುಸಿದು ಕೂತಳು.

"ಹಂಗಾರ ಆ ಎರಡು ಕೂಸು…" ಎಂದಳು.

"ಗೊತ್ತಿದ್ದೂ ನನ್ನ ಕುರುಗೋಡಿಗೆ ಕಳಿಸಿದ್ರಿ," ಸುವರ್ಣಮ್ಮ ಗಂಡನಿಗೆ ಅಂದಳು. "ಬ್ಯಾನಿ ಕೊಟ್ಟಿದ್ದು ಒಂದು ತೂಕ, ಇದೊಂದು ತೂಕ. ಸೂಜಿ ಹಾಕಿಸ್ಕೋರಿ. ಅಲ್ಲಿತನಕ ನಾನು ಈ ಮನಿಗೆ ಬರಂಗಿಲ್ಲ."

ಅಷ್ಟರಲ್ಲಿ ಕುರುಗೋಡಿನ ಕೊನೆಯ ಬಸ್ಸು ಹೋಗಿತ್ತು. ತಾಯಿ ಮಗಳು ಅಂದು ಪಕ್ಕದ ಮನೆಯ ದುರುಗಮ್ಮನ ಪಡಸಾಲೆಯಲ್ಲಿ ಮಲಗಿ ಬೆಳಗ್ಗೆ ಹೊರಟರು. ಬಸ್‌ಸ್ಟ್ಯಾಂಡಿನವರೆಗೆ ಗಂಟು ಹೊತ್ತುಕೊಂಡು ಬಂದವಳು ಹೊನ್ನೂರಮ್ಮ.

ಗವಿಸಿದ್ದಪ್ಪ ಬಳ್ಳಾರಿಗೆ ಹೋಗಿ ರಕ್ತ ಕೊಟ್ಟ. ಒಬ್ಬನೇ ಹೋಗಲಿಲ್ಲ, ವೀರಭದ್ರಮ್ಮ ಜೊತೆಗಿದ್ದಳು. ಬಸುರಿಯರ ಸಾಲಿನಲ್ಲಿ ಮಗನ ಪಕ್ಕ ಕೂತು, ಹೋಗುವವರು ಬರುವವರು ಅವನನ್ನು ನೋಡುವುದನ್ನು ಅವಳೂ ನೋಡಿದಳು. ಅವನಿಗೆ ಎಷ್ಟು ಸೂಜಿ ಬೇಕೆಂದು ಡಾಕ್ಟರಮ್ಮ ಈ ಸಲ ತಾಯಿಯ ಎದುರಿಗೇ, ಬಿಡಿಸಿ ಬಿಡಿಸಿ ಹೇಳಿದರು.

ಕುರುಗೋಡಿನಲ್ಲಿ ತಿಂಗಳುಗಳು ಹಗುರಾಗಿ ಕಳೆಯಲಿಲ್ಲ. ಏಳನೆಯ ತಿಂಗಳು ಹತ್ತಿರವಾದಂತೆ ಸುವರ್ಣಮ್ಮ ಅನ್ನ ಬಿಟ್ಟಳು. ಕೂಸು ಮಿಸುಕಾಡದೆ ಒಂದು ಗಳಿಗೆ ಹೋದರೆ ರುಬ್ಬುವ ಕಲ್ಲಿನ ಹತ್ತಿರವೇ ಕೂತು, "ಅವ್ವಾ, ಕೈ ಇಟ್ಟು ನೋಡು" ಎನ್ನುವಳು. ಮೂಕಮ್ಮ ಹಿಟ್ಟಿನ ಕೈ ಒರೆಸಿಕೊಂಡು ಬಂದು ಹೊಟ್ಟೆಯ ಮೇಲಿಡುವಳು. ಮರಿಬಸಪ್ಪ ಬಾಗಿಲಲ್ಲಿ ನಿಂತು, "ಮಿಸುಕ್ತೇನು?" ಎಂದು ಕೇಳುವನು. ಮಿಸುಕಿತೆಂದ ಮೇಲೆಯೇ ಅವನು ಎತ್ತು ಬಿಚ್ಚುತ್ತಿದ್ದ. ಸಿರುಗುಪ್ಪದಿಂದ ಒಂದು ಸಲ ವಿರೂಪಾಕ್ಷಪ್ಪ ಹೊಸ ಅಕ್ಕಿ ತಂದು ಕಟ್ಟೆಯ ಮೇಲಿಟ್ಟು ಹೋದ. ಮರಿಬಸಪ್ಪ ಅದನ್ನು ಒಳಗೆ ತರಲು ಒಪ್ಪಲಿಲ್ಲ. ಮೂಕಮ್ಮ ಅವನು ಹೊಲಕ್ಕೆ ಹೋದ ಮೇಲೆ ಒಳಗೆ ತಂದಳು.

ಏಳು ದಾಟಿತು. ಎಂಟೂ ದಾಟಿತು. ಒಂಬತ್ತು ತುಂಬಿದಾಗ ಕಂಟೋನ್ಮೆಂಟಿನಲ್ಲೇ ಹೆರಿಗೆಯಾಯಿತು. ಹೆಣ್ಣುಕೂಸು. ಹುಟ್ಟಿದ ಕೂಡಲೇ ಅದು ಅತ್ತ ದನಿ ಜಗಲಿಯಲ್ಲಿದ್ದ ಮೂಕಮ್ಮನಿಗೆ ಕೇಳಿಸಿತು. ಡಾಕ್ಟರಮ್ಮ ಕೂಸಿನ ರಕ್ತವನ್ನೂ ನೋಡಿಸಿ, ಭಯವಿಲ್ಲ ಎಂದು ಹೇಳಿ ಕಳಿಸಿದರು.

ಹನ್ನೆರಡನೆಯ ದಿನ ಗವಿಸಿದ್ದಪ್ಪ ತಾಯಿಯೊಂದಿಗೆ ಕುರುಗೋಡಿಗೆ ಬಂದ. ಕೈಯಲ್ಲಿ ಕೂಸಿಗೆ ಕುಲಾವಿ, ಅಂಗಿ. ಬಚ್ಚಲಲ್ಲಿ ಕೂಸಿಗೆ ಎರೆಯಲು ನೀರು ಕಾಯುತ್ತಿತ್ತು. ಸುವರ್ಣಮ್ಮ ಕೂಸನ್ನು ಎತ್ತಿಕೊಂಡು ಒಳಬಾಗಿಲಲ್ಲಿ ನಿಂತಳು.

"ಸೂಜಿ ಎಲ್ಲಾ ಮುಗಿದ್ವೇನ್ರಿ?"

ಗವಿಸಿದ್ದಪ್ಪ, "ಹ್ಞೂ, ಮುಗಿದಂಗ…" ಎಂದು ನಿಲ್ಲಿಸಿದ.

"ಮುಗಿದಿಲ್ಲ," ವೀರಭದ್ರಮ್ಮ ಅಂದಳು. "ಕೊನೀದು ಬಿಟ್ಟಾನ. ಮತ್ತ ರಕ್ತ ಕೊಟ್ಟು ನೋಡ್ಸು ಅಂದಿದ್ರು, ಅದಕ್ಕೂ ಹೋಗಿಲ್ಲ. ನಾನು ಇನ್ನ ಇವನ ಪರವಾಗಿ ಬಾಯಿ ಹಾಕಂಗಿಲ್ಲ."

"ಹಂಗಾರ ಹೋಗಿ ಮುಗಿಸಿ ಬರ್ರಿ," ಸುವರ್ಣಮ್ಮ ಅಂದಳು. "ಈಗ ಬಳ್ಳಾರಿ ಬಸ್ಸೈತಿ."

"ಕೂಸಿನ ಮಾರಿ ಒಂದ್ಸಲ ನೋಡಿ ಹೋಗ್ತೀನಿ."

"ಬಂದ ಮ್ಯಾಲ ನೋಡೀರಿ. ಎಲ್ಲಿ ಹೋಗ್ತೈತದು?"

ಅವನು ತಾಯಿಯ ಕಡೆ ನೋಡಿದ. ವೀರಭದ್ರಮ್ಮ ಮುಖ ತಿರುಗಿಸಿದಳು. ಅಂಗಿ ಕುಲಾವಿಯನ್ನು ಕಟ್ಟೆಯ ಮೇಲಿಟ್ಟು ಅವನು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಬಿಸಿಲಿನಲ್ಲಿ ಬೀದಿಯ ತಿರುವಿನವರೆಗೂ ಕಾಣುತ್ತಿದ್ದ.

ವೀರಭದ್ರಮ್ಮ ಮಗನ ಹಿಂದೆ ಹೋಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಲ ಕಡೆ ಹೋದಳು. ಒಲೆಗೆ ಕಟ್ಟಿಗೆ ಮುಂದೆ ಸರಿಸಿ, ನೀರಿನ ಬಿಸಿ ನೋಡಿ, ಕಾಲು ಚಾಚಿ ಕೂತು ಎರಡೂ ಕೈ ಮುಂದೆ ಚಾಚಿದಳು. ಮೂಕಮ್ಮ ಎಣ್ಣೆಯ ಬಟ್ಟಲನ್ನು ಅವಳ ಕಡೆ ಸರಿಸಿದಳು. ಸುವರ್ಣಮ್ಮ ಕೂಡಲೇ ಕೊಡಲಿಲ್ಲ. ನಿಂತು ನೋಡಿ, ಆಮೇಲೆ ಬಗ್ಗಿ ಕೂಸನ್ನು ಅತ್ತೆಯ ಕಾಲ ಮೇಲೆ ಮಲಗಿಸಿದಳು.

"ಕುತ್ತಿಗಿ ಗಟ್ಟಿ ಹಿಡೀರಿ ಅತ್ತಿ."

"ಗೊತ್ತೈತವ್ವಾ. ನಿನ್ನ ಗಂಡನ್ನ ಎರೆದು ಬೆಳೆಸಿದ ಕೈ ಇವು."

"ಅದಕ್ಕ ಹೇಳಾಕತ್ತೀನ್ರಿ."

ವೀರಭದ್ರಮ್ಮನ ಕೈ ಒಂದು ಗಳಿಗೆ ನಿಂತಿತು. ಅವಳು ತಲೆ ಎತ್ತದೆ, ಸೊಸೆ ಹೇಳಿದಂತೆಯೇ ಕೂಸಿನ ಕುತ್ತಿಗೆಯ ಕೆಳಗೆ ಅಂಗೈಯನ್ನು ಗಟ್ಟಿಯಾಗಿ ಆನಿಸಿದಳು.